ಖಂಡಸ್ಫುಟಿತ ಜೀರ್ಣೋದ್ಧಾರವೂ ಸರಕಾರದ ಸಂರಕ್ಷಣೆಯೂ

ಕನ್ನಡ ನಾಡಿನ ಶಿಲಾಶಾಸನಗಳನ್ನು ಬಲ್ಲವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜವು ಚಿರಪರಿಚಿತವಾದುದು. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು, ಜೀರ್ಣವೆಂದರೆ ಕಾಲವಶದಿಂದ ಸವೆದುದು. ಇವನ್ನು ಮರಳಿ ನೆಟ್ಟಗೆ ಮಾಡುವುದೇ ಉದ್ಧಾರವು. ಚಾಲುಕ್ಯ, ಕಳಚುರಿ, ಹೊಯ್ಸಳ, ಸೇವುಣ ಅರಸರ ಕಾಲದ ದಾನಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳಿಗೆ, ತಪೋಧನರ ಆಹಾರದಾನಕ್ಕೆ, ವಿದ್ಯಾದಾನಕ್ಕೆ ಎಂದು ದತ್ತಿಯ ಉದ್ದೇಶಗಳನ್ನು ಎಣಿಸುವಾಗ ಅದೇ ಸಾಲಿನಲ್ಲಿ ಈ ಮಾತೂ ಬರುವುದು. ಗುಡಿಯು ಎಷ್ಟೇ ಗಟ್ಟಿಯಾಗಿದ್ದರೂ ಒಂದು ದಿನ ಬಿರುಕು ಬಿಡುವುದೆಂಬುದನ್ನು ಕಟ್ಟಿಸಿದ ದಿನವೇ ಬಲ್ಲವನಾಗಿ, ಆ ಬಿರುಕನ್ನು ಮುಚ್ಚುವುದಕ್ಕೂ ದಾನಿಯು ಭೂಮಿಯನ್ನು ಬಿಟ್ಟಿರುವನು. ಇಂದು ಪ್ರಾಚೀನ ಶಿಲಾಮಂದಿರಗಳ ರಕ್ಷಣೆಯು ಸರಕಾರದ ಹೊಣೆಯೋ ಊರವರ ಹೊಣೆಯೋ ಎಂದು ವಾದಿಸುವವರು ಮೊದಲು ಈ ಹಳೆಯ ಮಾತಿನ ಅರ್ಥವನ್ನು ವಿಚಾರಿಸಿದರೆ ವಾದದ ಗಂಟು ಎಲ್ಲಿದೆಯೆಂಬುದು ತಿಳಿದುಬರುವುದು.

ಆ ಕಾಲದ ಏರ್ಪಾಡು ಹೀಗಿದ್ದಿತು. ಅರಸನಾಗಲಿ ಅವನ ದಂಡನಾಯಕನಾಗಲಿ ಸ್ಥಾನಾಚಾರ್ಯನ ಕಾಲನ್ನು ತೊಳೆದು ಧಾರಾಪೂರ್ವಕವಾಗಿ ಭೂಮಿಯನ್ನು ಕೊಡುವನು. ಊರ ಮಹಾಜನರೂ ಗಾವುಂಡರೂ ನಖರದ ಸೆಟ್ಟಿಗಳೂ ಅದಕ್ಕೆ ಸಾಕ್ಷಿಗಳಾಗಿ ನಿಲ್ಲುವರು. ಎಷ್ಟೋ ಸಲ ತಾವೂ ಎಣ್ಣೆಯ ಗಾಣದ ಮೇಲೆ, ಅಡಕೆಯ ಹೇರಿನ ಮೇಲೆ ಆಯವನ್ನು ಬಿಡುವರು. ಎಲ್ಲೆಗಳು ಕಲ್ಲಿನಲ್ಲಿ ಬರೆಯಲ್ಪಡುವವು. ಅಲ್ಲಿಂದ ಮುಂದೆ ಭೂಮಿಯ ಹುಟ್ಟುವಳಿಯೂ ಗುಡಿಯ ಹೊಣೆಯೂ ಒಂದೇ ಕೈಯಲ್ಲಿ ಇರುವವು. ಬಳ್ಳಿಗಾವಿಯ ಕೋಡಿಯ ಮಠಕ್ಕೆ ಸಂಬಂಧಿಸಿದ 1162ರ ಶಾಸನವು ಈ ಏರ್ಪಾಡಿನ ಒಳ್ಳೆಯ ನಿದರ್ಶನವು. ಅಲ್ಲಿ ಕೇದಾರೇಶ್ವರನ ಗುಡಿಗೆ ಹೊಂದಿಕೊಂಡಿದ್ದ ಆ ಮಠವು ವೇದ, ವ್ಯಾಕರಣ, ದರ್ಶನಗಳ ಪಾಠವನ್ನು ನಡೆಯಿಸುವ ಸ್ಥಾನವೂ, ಹಸಿದವರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಾನವೂ ಆಗಿದ್ದಿತೆಂದು ವರ್ಣಿತವಾಗಿದೆ. ಗುಡಿಯ ಮೇಲಿನ ಹುಲ್ಲನ್ನು ಕೀಳುವುದಕ್ಕೆ ಕಲ್ಯಾಣದಿಂದ ಅಪ್ಪಣೆ ಬರಬೇಕಾಗಿರಲಿಲ್ಲ. ಅರಸನು ಕೊಟ್ಟನು, ಸ್ಥಳದವರು ಕಾಯ್ದರು.

ಆದರೆ ಇದನ್ನು ಸ್ವರ್ಣಯುಗವೆಂದು ಕೊಂಡಾಡುವ ಮೊದಲು ಶಾಸನಗಳ ಕೊನೆಯ ಭಾಗವನ್ನೂ ಓದತಕ್ಕುದು. ಧರ್ಮವನ್ನು ಪಾಲಿಸಿದವರಿಗೆ ವಾರಣಾಸಿಯಲ್ಲಿ ಸಾವಿರ ಗೋವುಗಳನ್ನು ದಾನವಿತ್ತ ಫಲವೆಂದೂ, ಅಳಿದವರಿಗೆ ಅಲ್ಲಿಯೇ ಅಷ್ಟು ಗೋವುಗಳನ್ನು ಕೊಂದ ಪಾಪವೆಂದೂ ಪ್ರತಿಯೊಂದು ಕಲ್ಲಿನ ತುದಿಯಲ್ಲಿ ಕೊರೆದಿರುವರು. ಅಳಿಯುವವರು ಇಲ್ಲದ ನಾಡಿನಲ್ಲಿ ಇಷ್ಟೊಂದು ಶಾಪಗಳು ಬೇಕಾಗುತ್ತಿರಲಿಲ್ಲ. ಸ್ಥಾನಮಾನ್ಯವನ್ನು ತಿಂದು ಗುಡಿಯನ್ನು ಸೋರಲು ಬಿಟ್ಟ ಸ್ಥಾನಿಕರು ಅಂದೂ ಇದ್ದರೆಂದೇ ತಿಳಿಯಬೇಕು.

ಈ ಏರ್ಪಾಡು ಮುರಿದುದು ಒಂದೇ ದಿನದಲ್ಲಿ ಅಲ್ಲ. ಕಂಪನಿ ಸರಕಾರವು ಮದ್ರಾಸ್ ಆಧಿಪತ್ಯದಲ್ಲಿ 1817ರ 7ನೆಯ ರೆಗ್ಯುಲೇಶನ್ನಿನ ಮೂಲಕ ದೇವಸ್ಥಾನ, ಛತ್ರ, ಸೇತುವೆಗಳ ದತ್ತಿಗಳ ಮೇಲ್ವಿಚಾರಣೆಯನ್ನು ಕಂದಾಯದ ಅಧಿಕಾರಿಗಳ ಕೈಗೆ ತೆಗೆದುಕೊಂಡಿತು. ಕ್ರೈಸ್ತ ಸರಕಾರವು ಹಿಂದೂ ಗುಡಿಗಳನ್ನು ನಡೆಯಿಸುವುದು ಸಲ್ಲದೆಂದು ವಿಲಾಯತಿಯಲ್ಲಿ ಕೂಗೆದ್ದಿತು. 1863ರ 20ನೆಯ ಕಾಯದೆಯಿಂದ ಸರಕಾರವು ಆ ಕೆಲಸದಿಂದ ಕೈತೊಳೆದುಕೊಂಡಿತು. ಕೈತೊಳೆದುಕೊಳ್ಳುವಾಗಲೂ ಒಂದು ಮಾತನ್ನು ಉಳಿಸಿಕೊಂಡಿರುವುದು ಗಮನಾರ್ಹವಾಗಿದೆ: ಪ್ರಾಚೀನತೆಯಿಂದಾಗಲಿ, ಇತಿಹಾಸದಿಂದಾಗಲಿ, ಶಿಲ್ಪದಿಂದಾಗಲಿ ಹೆಸರಾದ ಕಟ್ಟಡಗಳಿಗೆ ಹಾನಿಯಾಗದಂತೆ ತಡೆಯುವ ಅಧಿಕಾರವು ಸರಕಾರಕ್ಕೆ ಇದ್ದೇ ಇರುವುದೆಂದು ಆ ಕಾಯದೆಯಲ್ಲಿ ಬರೆದಿದ್ದಾರೆ. ಪೂಜೆಯು ಊರವರದು, ಕಲ್ಲಿನ ಮೇಲೆ ಒಂದು ಕಣ್ಣು ಸರಕಾರದ್ದು ಎಂಬ ವಿಭಾಗವು ಮೊದಲು ಕಾಣುವುದು ಅಲ್ಲಿಯೇ.

ಇದರ ಜೊತೆಗೇ ಇನಾಮು ಭೂಮಿಗಳ ತನಿಖೆಗಳು ನಡೆದವು. ಸನದು ಇಲ್ಲದ ಮಾನ್ಯಗಳು ಕಂದಾಯಕ್ಕೆ ಒಳಪಟ್ಟವು. ಸ್ವಾತಂತ್ರ್ಯದ ತರುವಾಯ ಮೈಸೂರು ಸೀಮೆಯಲ್ಲಿ 1955ರ ಧಾರ್ಮಿಕ ಮತ್ತು ಧರ್ಮಾರ್ಥ ಇನಾಮುಗಳ ರದ್ದಿಯಾತಿ ಕಾಯದೆಯೂ, ಮುಂದೆ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯೂ ಗುಡಿ ಮಠಗಳ ಹೊಲಗಳನ್ನು ಉಳುವವರಿಗೆ ಕೊಟ್ಟವು. ಉಳುವವನಿಗೆ ನೆಲ ದೊರೆತುದು ನ್ಯಾಯವೇ ಸರಿ. ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಹೊಲದ ಹುಟ್ಟುವಳಿಯಲ್ಲಿ ಒಂದು ಪಾಲು ಬಿರಿದ ಗೋಡೆಗೆ ಮೀಸಲಾಗಿದ್ದಿತೆಂಬುದನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಭೂಮಿಯ ಬದಲಿಗೆ ಗೊತ್ತುಮಾಡಿದ ತಸ್ತೀಕಿನ ಹಣವು ವರುಷ ವರುಷ ಬೆಲೆ ಕಳೆದುಕೊಂಡು ದೀಪದ ಎಣ್ಣೆಗೂ ಸಾಲದಾಯಿತು. ಊರವರು ಗುಡಿಯ ಮೇಲಿನ ಅಧಿಕಾರವನ್ನು ಕಳೆದುಕೊಳ್ಳುವುದಕ್ಕಿಂತ ಮೊದಲೇ ಅದನ್ನು ಕಾಯುವ ಆಧಾರವನ್ನು ಕಳೆದುಕೊಂಡರು. ‘ನಿಮ್ಮಿಂದ ಕಾಯಲಾಗಲಿಲ್ಲ, ಆದಕಾರಣ ನಾವು ತೆಗೆದುಕೊಂಡೆವು’ ಎಂದು ಅಧಿಕಾರಿಗಳು ಹೇಳುವಾಗ ಈ ಪೂರ್ವಕಥೆಯು ಬಿಟ್ಟುಹೋಗುವುದು.

ಪುರಾತತ್ತ್ವ ಖಾತೆಯ ಹುಟ್ಟು ಬೇರೆಯೊಂದು ಕಡೆಯಿಂದ ಆಯಿತು. 1861ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಎಂಬವರು ಉತ್ತರ ದೇಶದಲ್ಲಿ ಸರ್ವೇಕ್ಷಣವನ್ನು ಪ್ರಾರಂಭಿಸಿದರು. 1874ರಲ್ಲಿ ಜೇಮ್ಸ್ ಬರ್ಜೆಸ್ ಎಂಬವರು ಬೆಳಗಾಂವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸಂಚರಿಸಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳನ್ನು ಅಳೆದು ಚಿತ್ರಿಸಿದರು. ಮೈಸೂರಿನಲ್ಲಿ 1885ರಲ್ಲಿ ಪ್ರತ್ಯೇಕ ಖಾತೆಯೇ ಏರ್ಪಟ್ಟು ಬಿ. ಎಲ್. ರೈಸ್ ಅವರೂ, ತರುವಾಯ ಆರ್. ನರಸಿಂಹಾಚಾರ್ಯರೂ ಹಳ್ಳಿ ಹಳ್ಳಿಯ ಶಾಸನಗಳನ್ನು ಕಲೆಹಾಕಿದರು. ಈ ಮಹನೀಯರು ಮಾಡಿದ ಉಪಕಾರವು ಅಪಾರವಾದುದು. ಬಟ್ಟೆ ಒಗೆಯುವ ಕಲ್ಲಾಗಿ, ದನದ ಕೊಟ್ಟಿಗೆಯ ಹಾಸಾಗಿ ಬಿದ್ದಿದ್ದ ಶಾಸನಗಳನ್ನು ಎತ್ತಿ ಓದಿಸಿದವರು ಊರ ಗೌಡರಲ್ಲ, ಈ ಖಾತೆಗಳವರೇ. ಸ್ಥಳಿಕರ ಪರವಾಗಿ ಮಾತನಾಡುವವರು ಇದನ್ನು ಮರೆಯಲಾಗದು.

1900ರಲ್ಲಿ ವೈಸರಾಯ್ ಕರ್ಜನ್ ಪ್ರಭುವು ಕಲಕತ್ತೆಯ ಏಶಿಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ ಪ್ರಾಚೀನ ಕಟ್ಟಡಗಳನ್ನು ಕಾಯುವುದು ಸರಕಾರದ ಪ್ರಥಮ ಕರ್ತವ್ಯಗಳಲ್ಲಿ ಒಂದೆಂದು ಸಾರಿದನು. 1902ರಲ್ಲಿ ಜಾನ್ ಮಾರ್ಷಲ್ ಎಂಬವರು ಮಹಾನಿರ್ದೇಶಕರಾಗಿ ಬಂದರು. 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣ ಕಾಯದೆಯು ಹೊರಟಿತು. ಪರಕೀಯ ಪ್ರಭುತ್ವವು ಮಾಡಿದ ಕಾಯದೆಯೆಂದು ಇದನ್ನು ತಳ್ಳಿಹಾಕುವವರು ಅದರೊಳಗಿನ ಎರಡು ಮೂರು ವಿಧಿಗಳನ್ನು ನೋಡಬೇಕು. ಸ್ಮಾರಕದ ಒಡೆಯನೊಡನೆ ಸರಕಾರವು ಕರಾರು ಮಾಡಿಕೊಳ್ಳಬಹುದೆಂದು ಅದರಲ್ಲಿ ಹೇಳಿದೆ. ಹಾನಿಯ ಭಯವಿದ್ದರೆ ಸ್ಮಾರಕವನ್ನು ಒತ್ತಾಯದಿಂದ ಕೊಂಡುಕೊಳ್ಳುವ ಅಧಿಕಾರವನ್ನು ಕೊಟ್ಟಿದ್ದರೂ, ಯಾವ ಸ್ಮಾರಕದಲ್ಲಿ ಅಥವಾ ಅದರ ಭಾಗದಲ್ಲಿ ಕಾಲಕಾಲಕ್ಕೆ ಧಾರ್ಮಿಕ ಆಚರಣೆಗಳು ನಡೆಯುವವೋ ಅದಕ್ಕೆ ಈ ಅಧಿಕಾರವು ಸಲ್ಲದೆಂದು ಕಟ್ಟುಮಾಡಿದೆ. ಸರಕಾರವು ದುರಸ್ತಿ ಮಾಡುವ ಪೂಜಾಸ್ಥಾನವನ್ನು ಅದರ ಸ್ವರೂಪಕ್ಕೆ ವಿರುದ್ಧವಾದ ಕಾರ್ಯಕ್ಕೆ ಬಳಸಬಾರದೆಂದೂ, ಒಳಗೆ ಯಾರು ಹೇಗೆ ಹೋಗಬಹುದೆಂಬ ನಿಯಮಗಳನ್ನು ಆ ಸ್ಥಾನದ ಧಾರ್ಮಿಕ ಹೊಣೆಗಾರರ ಸಮ್ಮತಿಯಿಂದಲೇ ಮಾಡಬೇಕೆಂದೂ ಬರೆದಿದೆ. ದೀಪವು ಉರಿಯುವ ಗುಡಿಗೂ ದೀಪವಾರಿದ ಗುಡಿಗೂ ಇರುವ ಭೇದವನ್ನು ಆ ಕಾಯದೆ ಬರೆದವರು ಬಲ್ಲವರಾಗಿದ್ದರು.

ಇಲ್ಲಿ ಇನ್ನೊಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕಾಗಿದೆ. ಜೀರ್ಣೋದ್ಧಾರವೂ ಸಂರಕ್ಷಣೆಯೂ ಒಂದೇ ಅಲ್ಲ. ಶೈವಾಗಮಗಳಲ್ಲಿ ಜೀರ್ಣೋದ್ಧಾರಕ್ಕೆ ಪ್ರತ್ಯೇಕ ವಿಧಿಯುಂಟು. ಭಿನ್ನವಾದ ವಿಗ್ರಹವನ್ನು ವಿಧಿಪೂರ್ವಕ ವಿಸರ್ಜಿಸಿ ಹೊಸದನ್ನು ಸ್ಥಾಪಿಸಬೇಕೆಂದು ಶಾಸ್ತ್ರವು ಹೇಳುವುದು; ಅಲ್ಲಿ ಉಳಿಯಬೇಕಾದುದು ಸಾನ್ನಿಧ್ಯವೇ ಹೊರತು ಕಲ್ಲಲ್ಲ. ಮಾರ್ಷಲ್ ಅವರು 1923ರಲ್ಲಿ ಪ್ರಕಟಿಸಿದ ಸಂರಕ್ಷಣ ಕೈಪಿಡಿಯ ಸಿದ್ಧಾಂತವು ಇದಕ್ಕೆ ನೇರವಾಗಿ ಎದುರಾದುದು. ಹಳೆಯ ಕಟ್ಟಡವನ್ನು ಹೊಸದಾಗಿ ಮಾಡುವುದು ಕೆಲಸವಲ್ಲ, ಇದ್ದುದನ್ನು ಇದ್ದಂತೆ ಉಳಿಸುವುದೇ ಕೆಲಸ. ಅದರ ನೈಜತೆ ಕೆಟ್ಟರೆ ಚಾರಿತ್ರಿಕ ಬೆಲೆಯೇ ಹೋಯಿತು ಎಂಬುದು ಅವರ ಮತ. ಒಡೆದ ಮೂಗಿನ ದ್ವಾರಪಾಲಕನು ಭಕ್ತನಿಗೆ ದುಃಖವನ್ನು ಕೊಡುವನು. ಪುರಾತತ್ತ್ವಜ್ಞನಿಗೆ ಅವನೇ ನಿಧಿ. ಊರವರು ಭಕ್ತಿಯಿಂದ ಸುಣ್ಣ ಬಳಿದರೆ ಖಾತೆಯವರು ಅದನ್ನು ಹಾನಿಯೆಂದು ಬರೆದುಕೊಳ್ಳುವರು. ಇಬ್ಬರಲ್ಲಿ ಯಾರನ್ನೂ ದುಷ್ಟರೆನ್ನುವಂತಿಲ್ಲ. ಇಬ್ಬರೂ ‘ರಕ್ಷಣೆ’ ಎಂಬ ಒಂದೇ ಶಬ್ದವನ್ನು ಎರಡು ಅರ್ಥದಲ್ಲಿ ಆಡುತ್ತಿರುವರು. ಅಧಿಕಾರದ ಜಗಳವೆಂದು ಕಾಣುವುದರಲ್ಲಿ ಅರ್ಧದಷ್ಟು ಈ ಅರ್ಥಭೇದದಿಂದ ಹುಟ್ಟಿದುದು.

ಏಕೀಕರಣಕ್ಕೆ ಮೊದಲು ಕನ್ನಡ ನಾಡು ಹಲವು ಸರಕಾರಗಳ ಕೈಯಲ್ಲಿ ಹಂಚಿಹೋಗಿದ್ದುದರಿಂದ ಗುಡಿಗಳ ಗತಿಯೂ ಹಂಚಿಹೋಗಿದ್ದಿತು. ಹಂಪೆಯು ಮದ್ರಾಸಿನ ಬಳ್ಳಾರಿ ಜಿಲ್ಲೆಯಲ್ಲಿ. ಹೊಳೆಯ ಆಚೆಯ ದಡದ ಆನೆಗೊಂದಿಯು ನಿಜಾಮರ ರಾಯಚೂರಿನಲ್ಲಿ. ಒಂದೇ ವಿಜಯನಗರದ ಎರಡು ದಂಡೆಗಳಿಗೆ ಎರಡು ಸರಕಾರ, ಎರಡು ಖಾತೆ. ಐಹೊಳೆ, ಬಾದಾಮಿಗಳು ಮುಂಬಯಿಗೆ ಸೇರಿದ್ದವು. ಬೇಲೂರು, ಹಳೆಯಬೀಡುಗಳಿಗೆ ಮೈಸೂರಿನ 1925ರ ರೆಗ್ಯುಲೇಶನ್ನು ಅನ್ವಯಿಸುತ್ತಿದ್ದಿತು. 1950ರ ಸಂವಿಧಾನವು ಈ ಹೊಣೆಯನ್ನು ಮೂರು ಪಟ್ಟಿಗಳಲ್ಲಿ ಹಂಚಿತು: ರಾಷ್ಟ್ರೀಯ ಮಹತ್ತ್ವದವೆಂದು ಸಾರಲ್ಪಟ್ಟ ಸ್ಮಾರಕಗಳು ಕೇಂದ್ರಕ್ಕೆ, ಉಳಿದ ಸ್ಮಾರಕಗಳು ರಾಜ್ಯಕ್ಕೆ, ಉಳಿದ ಪ್ರಾಚೀನ ನಿವೇಶನಗಳೂ ಅವಶೇಷಗಳೂ ಇಬ್ಬರಿಗೂ. 1951ರ ಕಾಯದೆಯು ಹಳೆಯ ಪಟ್ಟಿಗಳಲ್ಲಿನ ಸ್ಮಾರಕಗಳನ್ನು ಒಮ್ಮೆಗೇ ರಾಷ್ಟ್ರೀಯ ಮಹತ್ತ್ವದವೆಂದು ಸಾರಿತು. 1958ರ ಕಾಯದೆಯು ಅದನ್ನು ಗಟ್ಟಿಮಾಡಿತು. ರಾಜ್ಯವು 1961ರ ತನ್ನದೇ ಕಾಯದೆಯನ್ನು ಮಾಡಿಕೊಂಡಿತು. ಮೂರು ಪಟ್ಟಿಗಳಲ್ಲಿ ಎಲ್ಲಿಯೂ ‘ಊರು’ ಎಂಬ ಶಬ್ದವಿಲ್ಲ. ಅರ್ಚಕನ ಸಮ್ಮತಿಯನ್ನು ಕೇಳಬೇಕೆಂಬ 1904ರ ವಿಧಿಯು 1958ರಲ್ಲಿಯೂ ಉಳಿದಿತೆಂಬುದು ನಿಜ. ಆದರೆ ಆ ಸಮ್ಮತಿಯು ಗುಡಿಯ ಹೊಸ್ತಿಲೊಳಗಿನದು. ಹೊಸ್ತಿಲಿನಾಚೆಯ ಬೀದಿಯಲ್ಲಿ ಬಾಳುವವನ ಸಮ್ಮತಿಯ ವಿಷಯದಲ್ಲಿ ಕಾಯದೆಯು ಮೌನವಾಗಿದೆ.

ಹೊಸ್ತಿಲಿನಾಚೆಗೆ ಕಾಯದೆಯ ಕೈ ಚಾಚಿದುದು 1992ರಲ್ಲಿ. ಸ್ಮಾರಕದ ಎಲ್ಲೆಯಿಂದ 100 ಮೀಟರಿನವರೆಗೆ ಹೊಸ ಕಟ್ಟಡವಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆಯಿಲ್ಲದೆ ಕಟ್ಟುವಂತಿಲ್ಲ ಎಂದು ಕೇಂದ್ರವು ಪ್ರಕಟಿಸಿತು. 2010ರಲ್ಲಿ ಇದನ್ನು ಕಾಯದೆಯೊಳಗೇ ಸೇರಿಸಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ನೇಮಿಸಿದರು. ತಾಜಮಹಲಿಗೂ ಹಳ್ಳಿಯ ಮೂಲೆಯ ತ್ರಿಕೂಟ ಗುಡಿಗೂ ಅಳತೆ ಒಂದೇ. ದಿಲ್ಲಿಯಂಥ ನಗರಗಳಲ್ಲಿ ಗೋರಿಗಳ ನೆತ್ತಿಯ ಮೇಲೆ ಮಹಡಿಗಳು ಏಳುತ್ತಿದ್ದುದನ್ನು ತಡೆಯಲು ಇಂತಹ ನಿಯಮವು ಅವಶ್ಯವಾಗಿದ್ದಿರಬಹುದು. ಆದರೆ ಊರೆಲ್ಲವೂ ಗುಡಿಗಳ ನಡುವೆಯೇ ಇರುವ ಐಹೊಳೆಯಂಥ ಸ್ಥಳದಲ್ಲಿ 100 ಮೀಟರಿನ ವರ್ತುಲಗಳನ್ನು ಎಳೆದರೆ ಒಂದು ವರ್ತುಲವು ಇನ್ನೊಂದನ್ನು ನುಂಗಿ ಊರಿಗೆ ಊರೇ ನಿಷಿದ್ಧ ಪ್ರದೇಶವಾಗುವುದು. ಮಳೆಗೆ ಕುಸಿದ ಮಾಳಿಗೆಯನ್ನು ಸರಿಪಡಿಸಲು ಕೂಡ ಅಪ್ಪಣೆಯ ಕಾಗದ ಬೇಕು.

ಐಹೊಳೆಯ ಗುಡಿಗಳ ಹೆಸರುಗಳೇ ಈ ಇತಿಹಾಸವನ್ನು ಹೇಳುವವು. ಗೌಡರಗುಡಿ, ಅಂಬಿಗೇರ ಗುಡಿ, ಬಡಿಗೇರ ಗುಡಿ, ಹುಚ್ಚಪ್ಪಯ್ಯ ಮಠ, ಲಾಡಖಾನ ಗುಡಿ: ಇವು ದೇವರ ಹೆಸರುಗಳಲ್ಲ, ಅಲ್ಲಿ ವಾಸವಾಗಿದ್ದವರ, ಅದರ ಮಗ್ಗುಲಲ್ಲಿ ಇದ್ದವರ ಹೆಸರುಗಳು. ಸಾವಿರ ವರುಷಗಳ ಹಿಂದೆ ಅಯ್ಯಾವೊಳೆಯ ಐನೂರ್ವರು ಎಂಬ ವಣಿಕ್ಸಂಘದ ಕೀರ್ತಿಯಿಂದ ದಕ್ಷಿಣ ದೇಶವೆಲ್ಲ ಬಲ್ಲ ಪಟ್ಟಣವು ಕಾಲಾಂತರದಲ್ಲಿ ಹಳ್ಳಿಯಾಯಿತು. ಪೂಜೆಯು ನಿಂತ ಗುಡಿಗಳಲ್ಲಿ ಬಡವರು ಒಲೆ ಹೂಡಿದರು. ಹೊಗೆಯಿಂದ ಶಿಲ್ಪಗಳು ಕಪ್ಪಾದುದು ನಿಜ. ಆದರೆ ವಾಸವಿದ್ದ ಗುಡಿಯ ಕಲ್ಲನ್ನು ಯಾರೂ ಕದ್ದೊಯ್ಯಲಿಲ್ಲ, ಅದರ ಮೇಲೆ ಅರಳಿಯ ಗಿಡ ಬೆಳೆಯಲಿಲ್ಲವೆಂಬುದೂ ಅಷ್ಟೇ ನಿಜವಾಗಿರಬೇಕು. ಖಾತೆಯವರು ಗುಡಿಗಳಿಂದ ವಾಸವನ್ನು ಬಿಡಿಸಿ ಸುತ್ತ ಬೇಲಿ ಹಾಕಿ ಹುಲ್ಲುಹಾಸು ಬೆಳೆಸಿರುವರು. ಶಿಲ್ಪಗಳು ಬೆಳಕಿಗೆ ಬಂದಿರುವವು. ಊರನ್ನೇ ಬೇರೆಡೆಗೆ ಸಾಗಿಸಬೇಕೆಂಬ ಮಾತು ದಶಕಗಳಿಂದ ನಡೆದುಬಂದಿದೆ. ಈ ತೂಗುಯ್ಯಾಲೆಯಲ್ಲಿ ಒಂದು ತಲೆಮಾರು ಮನೆಗೆ ಹೊಸ ತೊಲೆ ಹಾಕದೆಯೇ ಮುದಿಯಾಯಿತು.

ಹಂಪೆಯ ಕಥೆಯು ಇನ್ನೂ ಜಟಿಲವಾದುದು. ಅಲ್ಲಿ ವಿಠ್ಠಲನ ಗುಡಿಯಂತೆ ಪೂಜೆಯಿಲ್ಲದ ಮಹಾಮಂದಿರಗಳೂ ಇರುವವು, ವಿರೂಪಾಕ್ಷನ ಗುಡಿಯಂತೆ ರಾಜಧಾನಿಯು ಹಾಳಾದ ಮೇಲೆಯೂ ಪೂಜೆ ನಿಲ್ಲದ ಸ್ಥಾನವೂ ಇದೆ. ಮಹಾಕವಿ ಹರಿಹರನು ಸೇವಿಸಿದ ಆ ವಿರೂಪಾಕ್ಷನ ಸನ್ನಿಧಿಯಲ್ಲಿ ಕೃಷ್ಣದೇವರಾಯನು ಪಟ್ಟಕ್ಕೆ ಬಂದ ಹೊಸದರಲ್ಲಿಯೇ ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿದುದನ್ನು 1510ರ ಶಾಸನವು ಹೇಳುವುದು. 1565ರ ತರುವಾಯ ಅರಸರೂ ಹೋದರು, ಸಂತೆಯೂ ಹೋಯಿತು. ಆದರೂ ಅರ್ಚಕರೂ ಯಾತ್ರಿಕರೂ ಬಿಡಲಿಲ್ಲ. 19ನೆಯ ಶತಮಾನದ ಆದಿಭಾಗದಲ್ಲಿ ಉತ್ತರ ಮತ್ತು ಪೂರ್ವ ಗೋಪುರಗಳೂ ಮಂಟಪದ ಮಾಳಿಗೆಯ ಚಿತ್ರಗಳೂ ಜೀರ್ಣೋದ್ಧಾರ ಹೊಂದಿದವು. ಇತ್ತ ವಿಠ್ಠಲನ ಗುಡಿಯ ಮುಂದಿನ ಕಲ್ಲುತೇರಿನ ಮೇಲೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಇಟ್ಟಿಗೆಯ ಶಿಖರವೊಂದು ಕಾಣುವುದು. ಇಂದು ಆ ಶಿಖರವಿಲ್ಲ. ಪೂಜೆಯಿದ್ದ ಕಡೆ ಇಟ್ಟಿಗೆಗಾರೆಯ ಗೋಪುರವು ಉಳಿಯಿತು, ಪೂಜೆ ನಿಂತ ಕಡೆ ಅಂಥದೇ ಇಟ್ಟಿಗೆಯ ಶಿಖರವು ಹೋಯಿತೆಂಬುದನ್ನು ಯೋಚಿಸತಕ್ಕುದು.

1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸುಮಾರು 41 ಚದರ ಕಿಲೋಮೀಟರಿನ ಆ ನೆಲದಲ್ಲಿ ಗದ್ದೆಗಳು, ಬಾಳೆಯ ತೋಟಗಳು, ವಿಜಯನಗರದ ಅರಸರೇ ತೋಡಿಸಿದ ಕಾಲುವೆಗಳು, ಬಾಳುವ ಹಳ್ಳಿಗಳು ಎಲ್ಲವೂ ಇರುವವು. ಹೊಳೆ ದಾಟಲು ಹರಿಗೋಲನ್ನೇ ನೆಚ್ಚಿದ್ದ ಜನರಿಗಾಗಿ ರಾಜ್ಯವು ಸೇತುವೆಗಳನ್ನು ಕಟ್ಟಲು ತೊಡಗಿತು. ಅವು ಪ್ರಾಚೀನ ನೋಟವನ್ನು ಕೆಡಿಸುವವೆಂದು 1999ರಲ್ಲಿ ಹಂಪೆಯ ಹೆಸರನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಹಾಕಿದರು. 2006ರಲ್ಲಿ ಅದನ್ನು ತೆಗೆದರು. 2009ರ ಜನವರಿಯಲ್ಲಿ ಆನೆಗೊಂದಿಯ ಅರೆಗಟ್ಟಿದ ಸೇತುವೆಯು ಕುಸಿದು ಕೆಲಸದಾಳುಗಳು ಪ್ರಾಣವನ್ನು ಕಳೆದುಕೊಂಡರು. ಮುಂದೆ ಕಡೆಬಾಗಿಲಿನ ಬಳಿ ಬೇರೊಂದು ಸೇತುವೆಯಾಯಿತು. ಸೇತುವೆ ಎಲ್ಲಿರಬೇಕೆಂಬುದನ್ನು ಬೆಂಗಳೂರು, ದಿಲ್ಲಿ, ಪ್ಯಾರಿಸುಗಳಲ್ಲಿ ಚರ್ಚಿಸಿದರು. ಹರಿಗೋಲಿನಲ್ಲಿ ಕೂತು ಹೊಳೆ ದಾಟುವವನ ಅಭಿಪ್ರಾಯವು ಆ ಚರ್ಚೆಗಳಲ್ಲಿ ಹಿಂದಿನ ಸಾಲಿನಲ್ಲಿಯೇ ಉಳಿಯಿತು.

ಇದರ ನಡುವೆ ರಾಜ್ಯವು 2002ರ ಕಾಯದೆಯಿಂದ ಹಂಪೆಗೆಂದೇ ಒಂದು ನಿರ್ವಹಣ ಪ್ರಾಧಿಕಾರವನ್ನು ರಚಿಸಿತು. ಹೀಗಾಗಿ ಇಂದು ಆ ಕ್ಷೇತ್ರದಲ್ಲಿ ಪೂಜೆ ಹುಂಡಿಗಳು ಮುಜರಾಯಿಗೆ, ಕಲ್ಲು ಕಂಬಗಳು ಪುರಾತತ್ತ್ವ ಖಾತೆಗೆ, ಸುತ್ತಣ ನೆಲದ ಉಪಯೋಗವು ಪ್ರಾಧಿಕಾರಕ್ಕೆ, ಚರಂಡಿ ನೀರುಗಳು ಪಂಚಾಯತಿಗೆ ಎಂದು ಹಂಚಿಹೋಗಿರುವವು. ಸ್ಥಾನಾಚಾರ್ಯನೊಬ್ಬನ ಕೈಯಲ್ಲಿದ್ದ ಖಂಡಸ್ಫುಟಿತ ಜೀರ್ಣೋದ್ಧಾರವು ಇಷ್ಟು ಕಚೇರಿಗಳ ನಡುವೆ ತುಂಡಾಗಿದೆ. ಇದರಲ್ಲಿ ಸರಕಾರವು ಹೆಚ್ಚಾಯಿತೆಂದು ದೂರುವುದಕ್ಕಿಂತ, ಸರಕಾರವು ಒಂದಾಗಿ ಇಲ್ಲವೆಂದು ದೂರುವುದೇ ಹೆಚ್ಚು ನಿಜ.

2011ರ ಜುಲೈ ತಿಂಗಳಲ್ಲಿ ನಡೆದ ಸಂಗತಿಯು ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದುದು. ವಿರೂಪಾಕ್ಷನ ಗುಡಿಯಿಂದ ಪೂರ್ವಕ್ಕೆ ಸುಮಾರು ಮುಕ್ಕಾಲು ಕಿಲೋಮೀಟರು ಚಾಚಿದ ತೇರಬೀದಿಯ ಇಕ್ಕೆಲದ ಸಾಲುಮಂಟಪಗಳಲ್ಲಿಯೂ ಅವುಗಳ ಮುಂದೆಯೂ ಅಂಗಡಿ, ಖಾನಾವಳಿ, ಮನೆಗಳು ನೆಲೆಗೊಂಡಿದ್ದವು. ಕಂಬಗಳ ನಡುವೆ ಇಟ್ಟಿಗೆಯ ಗೋಡೆ ಎಬ್ಬಿಸಿದ್ದರು, ಮೇಲೆ ಮಹಡಿ ಏರಿಸಿದ್ದರು, ಮೊಳೆ ಬಡಿದಿದ್ದರು. ಪರದೇಶದ ಪ್ರವಾಸಿಗಳು ಹೆಚ್ಚಿದಂತೆ ಈ ಹಾವಳಿಯೂ ಹೆಚ್ಚಿತು. ನ್ಯಾಯಾಲಯದ ಆಜ್ಞೆಯನ್ನು ಮುಂದಿಟ್ಟುಕೊಂಡು ಅಧಿಕಾರಿಗಳು ಅಲ್ಪಾವಧಿಯ ಸೂಚನೆಯಿಂದ ಬುಲ್ಡೋಜರುಗಳನ್ನು ತಂದು ಅವೆಲ್ಲವನ್ನೂ ಕೆಡವಿಸಿದರು. ಹೊರಬಿದ್ದ ಕುಟುಂಬಗಳಿಗೆ ಕಡ್ಡಿರಾಂಪುರದ ಬಳಿ ನಿವೇಶನಗಳನ್ನು ತೋರಿಸಿದರು. ಮಂಟಪಗಳ ಮೇಲಿನ ಹೊಸ ಕಟ್ಟಡವು ಹೋಗಬೇಕಾದುದೇ ಆಗಿದ್ದಿತು. ಅದನ್ನು ಸಮರ್ಥಿಸುವವರು ವಿಜಯನಗರದ ಶಿಲ್ಪಿಗೆ ಅಪಚಾರ ಮಾಡಿದಂತೆ. ಆದರೆ ಆ ಬೀದಿಯು ಬಜಾರಾಗಿಯೇ ಹುಟ್ಟಿದುದೆಂಬುದನ್ನು ಕೆಡವಿದವರು ಮರೆತರು. ಅಲ್ಲಿ ಮಾರುವವರೂ ಕೊಳ್ಳುವವರೂ ಇರಬೇಕೆಂದೇ ಅರಸರು ಅದನ್ನು ಕಟ್ಟಿಸಿದ್ದರು. ಯಾವುದು ಇರಬಹುದು, ಯಾವುದು ಹೋಗಬೇಕು, ಹೋದವನಿಗೆ ಯಾವಾಗ ಮನೆ ಎಂಬುದನ್ನು ಬೀದಿಯವರೊಡನೆ ಕುಳಿತು ಕರಾರಿನಲ್ಲಿ ಬರೆದಿದ್ದರೆ ಬುಲ್ಡೋಜರು ಬೇಕಾಗುತ್ತಿರಲಿಲ್ಲವೆಂದು ಹೇಳಬಹುದಾಗಿದೆ. ಕರಾರು ಮಾಡಿಕೊಳ್ಳುವ ಉಪಾಯವನ್ನು 1904ರ ಕಾಯದೆಯೇ ಕಲಿಸಿದ್ದಿತು. ಇದಾದ ಮೇಲೆ 2020ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ಅನಧಿಕೃತ ವಸತಿಗೃಹಗಳನ್ನು ಕೆಡವುವ ಆಜ್ಞೆಯನ್ನು ಎತ್ತಿಹಿಡಿಯಿತು. ಆ ವ್ಯವಹಾರವು ಬಹುಮಟ್ಟಿಗೆ ವ್ಯಾಪಾರದ್ದು, ಅದನ್ನು ಬಜಾರಿನ ಬಡವರೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಸರಕಾರದ ಕೈಯಲ್ಲಿದ್ದರೆ ಸ್ಮಾರಕವು ಕ್ಷೇಮವೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2013ರಲ್ಲಿ ಭಾರತದ ಲೆಕ್ಕಪರಿಶೋಧಕರು ಕೇಂದ್ರ ಸಂರಕ್ಷಿತ ಸ್ಮಾರಕಗಳಲ್ಲಿ 1655ನ್ನು ಸ್ಥಳಕ್ಕೆ ಹೋಗಿ ಪರೀಕ್ಷಿಸಿದಾಗ 92 ಸ್ಮಾರಕಗಳು ಇದ್ದ ಜಾಗದಲ್ಲಿಯೇ ಇರಲಿಲ್ಲ. ಊರಿನ ಕಣ್ಣಿಲ್ಲದ ಕಡೆ ನೀಲಿ ಫಲಕವೊಂದೇ ಕಲ್ಲನ್ನು ಕಾಯಲಾರದು. ಅಂತೆಯೇ ಊರವರ ಭಕ್ತಿಯೊಂದೇ ಸಾಲದೆಂಬುದಕ್ಕೂ ಉದಾಹರಣೆಗಳು ಬೇಕಾದಷ್ಟಿವೆ. ಕಂಬಗಳಿಗೆ ಎಣ್ಣೆಬಣ್ಣ, ನವರಂಗಕ್ಕೆ ಹೊಳೆಯುವ ಹಾಸುಗಲ್ಲು, ಶಾಸನದ ಮೇಲೆ ಸಿಮೆಂಟಿನ ಗಾರೆ, ಶಿಖರವನ್ನು ಇಳಿಸಿ ಕಾಂಕ್ರೀಟಿನ ಶಿಖರ: ಇವೆಲ್ಲವೂ ‘ಜೀರ್ಣೋದ್ಧಾರ’ ಎಂಬ ಪವಿತ್ರ ಶಬ್ದದ ಹೆಸರಿನಲ್ಲಿಯೇ ನಡೆದಿರುವವು. ಮುರಿಯದುದನ್ನು ಮುರಿದು ಉದ್ಧರಿಸುವುದಕ್ಕೆ ಯಾವ ಶಾಸನದಲ್ಲಿಯೂ ದತ್ತಿಯಿಲ್ಲ. ಮಠಗಳ ಭಕ್ತಾದಿಗಳು ತಮ್ಮ ಊರಿನ ಹಳೆಯ ಗದ್ದುಗೆ, ಕಲ್ಲುಮಠಗಳ ವಿಷಯದಲ್ಲಿ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು.

2019ರ ಜುಲೈಯಲ್ಲಿ ಆನೆಗೊಂದಿಯ ನಡುಗಡ್ಡೆಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಗಳ್ಳರು ರಾತ್ರಿಯಲ್ಲಿ ಒಡೆದು ಹಾಕಿದರು. ಸುದ್ದಿ ಹರಡಿದೊಡನೆ ಭಕ್ತರು ಹೊಳೆ ದಾಟಿ ಬಂದು ಕಲ್ಲುಗಳನ್ನು ಕೂಡಿಸಿ ಅಲ್ಪಕಾಲದಲ್ಲಿಯೇ ಅದನ್ನು ಮತ್ತೆ ನಿಲ್ಲಿಸಿದರು. ಕಡತಗಳ ಮಾರ್ಗದಲ್ಲಿ ಅಷ್ಟು ಬೇಗ ಆಗುವ ಕೆಲಸವಲ್ಲ ಅದು. ಆದರೆ ಆ ರಾತ್ರಿ ಅಲ್ಲಿ ಕಾವಲಿದ್ದಿದ್ದರೆ ಒಡೆಯುತ್ತಲೇ ಇರಲಿಲ್ಲ. ಕಾವಲು ನಿಲ್ಲಿಸುವ ಬಲ ಸರಕಾರಕ್ಕೆ ಇದೆ, ಸುದ್ದಿ ಕೇಳಿ ಓಡಿಬರುವ ಬಲ ಊರಿಗೆ ಇದೆ. ಒಂದರ ಬದಲಿಗೆ ಇನ್ನೊಂದು ಬರಲಾರದು.

ಎರಡೂ ಕೂಡಿ ನಡೆಯುವುದು ಅಸಾಧ್ಯವೇನೂ ಅಲ್ಲ. ಶ್ರವಣಬೆಳ್ಗೊಳದ ಗೊಮ್ಮಟಮೂರ್ತಿಯು ಕೇಂದ್ರದ ಸಂರಕ್ಷಣೆಯಲ್ಲಿದ್ದರೂ ಹನ್ನೆರಡು ವರುಷಗಳಿಗೊಮ್ಮೆ ಮಸ್ತಕಾಭಿಷೇಕವನ್ನು ಜೈನಮಠವು ನಡೆಯಿಸಿಕೊಂಡು ಬಂದಿದೆ. 2006ರಲ್ಲಿಯೂ 2018ರಲ್ಲಿಯೂ ಅದು ನೆರವೇರಿತು. ಹಾಲು ಅರಿಸಿನಗಳ ಪ್ರವಾಹವನ್ನು ಕಲ್ಲಿನ ಹಿತದ ದೃಷ್ಟಿಯಿಂದ ಖಾತೆಯವರು ಎಂದಾದರೂ ನಿಲ್ಲಿಸಹೊರಟಿದ್ದರೆ ನಾಡೇ ಎದ್ದುಬರುತ್ತಿದ್ದಿತು; ಅಭಿಷೇಕದ ಅಟ್ಟಣೆಯ ಭಾರವು ಮೂರ್ತಿಯ ಮೇಲೆ ಬೀಳುವುದನ್ನು ಮಠವು ಗಮನಿಸದಿದ್ದರೆ ಮೂರ್ತಿಗೇ ಅಪಾಯ. ಅಲ್ಲಿ ಮಠವು ಅರ್ಜಿದಾರನಾಗಿ ನಿಂತಿಲ್ಲ, ಪಕ್ಷಗಾರನಾಗಿ ಕುಳಿತಿದೆ. ದೊಡ್ಡ ಮಠಕ್ಕೆ ದೊರೆತ ಈ ಸ್ಥಾನವು ಸಣ್ಣ ಊರಿನ ಪಂಚರಿಗೆ ದೊರೆಯದಿರುವುದೇ ಇಂದಿನ ಕೊರತೆ. ಸ್ಮಾರಕಗಳ ಸುತ್ತಣ ಪ್ರದೇಶಕ್ಕೆ ಆಯಾ ಸ್ಥಳದ ಸ್ಥಿತಿಯನ್ನು ನೋಡಿ ಉಪವಿಧಿಗಳನ್ನು ಮಾಡಬೇಕೆಂದು 2010ರ ತಿದ್ದುಪಡಿಯಲ್ಲಿಯೇ ಹೇಳಿರುವರು. ಆ ಉಪವಿಧಿಗಳನ್ನು ಬರೆಯುವ ಮೇಜಿನ ಬಳಿ ಊರಿನವರಿಗೂ ಒಂದು ಮಣೆ ಹಾಕಿ, ದುರಸ್ತಿಯ ವೆಚ್ಚಕ್ಕೆ ಹಳೆಯ ಮಾನ್ಯದಂತೆ ಆ ಸ್ಥಳದ ಟಿಕೇಟಿನ ಹಣದಲ್ಲಿಯೇ ಒಂದು ಪಾಲನ್ನು ಗೊತ್ತುಮಾಡಿದರೆ, ಕಲ್ಲಿನ ವಿಷಯದಲ್ಲಿ ಕೊನೆಯ ಮಾತು ಖಾತೆಯದೇ ಆಗಿದ್ದರೂ ಊರವರು ಅದಕ್ಕೆ ಅಡ್ಡಬಾರರು.

2024ರ ಮೇ ತಿಂಗಳ ಮಳೆಯಲ್ಲಿ ವಿರೂಪಾಕ್ಷನ ತೇರಬೀದಿಯ ಸಾಲುಮಂಟಪದ ಒಂದು ಭಾಗವು ಕುಸಿದು ಬಿದ್ದಿತು. ಅಲ್ಲಿ ವಾಸವಿದ್ದವರನ್ನು ತೆರವುಗೊಳಿಸಿ ಆಗಲೇ ಹದಿಮೂರು ವರುಷಗಳು ಸಮೀಪಿಸಿದ್ದವು. ತೇರು ಮಾತ್ರ ಇಂದಿಗೂ ಚೈತ್ರಮಾಸದಲ್ಲಿ ಅದೇ ಬೀದಿಯಲ್ಲಿಯೇ ಸಾಗುವುದು. ಮಾರ್ಗಶಿರದ ಫಲಪೂಜೆಯಲ್ಲಿ ನಿಶ್ಚಯವಾದ ಪಂಪಾವಿರೂಪಾಕ್ಷರ ಕಲ್ಯಾಣಕ್ಕೆ ಸುತ್ತಣ ಹಳ್ಳಿಗಳವರು ನೆರೆಯುವರು.